ಇಲ್ಲಿ ವಾಸ

೧

"ಅಳಿಸು ಅಂದ್ರೆ ಅಳಿಸು! ಇನ್ನೊಂದು ಸಲ ಆ ಹೆಸರು ಬರೆದ್ಯೋ, ಈ ಕಾದ ಬಾಣಲೆ ನಿನ್ನ ತಲೆ ಮೇಲೆ!"

"ಬಾಣಲೆ ಕೆಳಗಿಡು, ಓರ್ಫಾ. ಕಥೆ ಅಂದ್ಮೇಲೆ ನಿನ್ನ ಗಂಡನಿಗೊಂದು ಹೆಸರು ಬೇಕೋ ಬೇಡ್ವೋ?"

"ಬೇಡ. ನಾಲ್ಕು ವರ್ಷದಿಂದ ಇಡೀ ಕೌಂಟಿ ಅವನ ಹೆಸರು ಎತ್ತದೇ ಕಾಪಾಡ್ಕೊಂಡು ಬಂದಿದೆ. ನಿನ್ನೆ ಬಂದೋನು ನೀನು, ಮೊದಲನೇ ಸಾಲಲ್ಲೇ ಹಿಡ್ಕೊಟ್ಟುಬಿಟ್ಯಲ್ಲೋ!"

ಕಥೆ ಹೇಗೆ ಶುರು ಮಾಡಬೇಕು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ಮೊದಲ ಡ್ರಾಫ್ಟಿನಲ್ಲಿ ಅವಳ ಗಂಡನ ಹೆಸರು, ಮನೆತನದ ಹೆಸರು ಎರಡನ್ನೂ ಬರೆದು ಚುಕ್ಕಿ ಇಟ್ಟು ಕಾಫಿ ತರಲು ಎದ್ದೆ. ವಾಪಸ್ ಬಂದಾಗ ಎರಡನೇ ಸಾಲು ಇತ್ತು: 'ಯಾರೋ ಬಾಗಿಲು ತಟ್ಟಿದರು.'

ಆ ಎರಡನೇ ಸಾಲನ್ನು ನಾನು ಬರೆದಿರಲಿಲ್ಲ.

(ನಗಬೇಡಿ. ನಾನೂ ಮೊದಲು ನಕ್ಕೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬೆಕ್ಕು ಕೂಡ ಇರಲಿಲ್ಲ.)

ಮೂರನೇ ಸಾಲಿಗಾಗಿ ಕಾಯದೆ ಎಲ್ಲವನ್ನೂ ಡಿಲೀಟ್ ಮಾಡಿದೆ. ಈಗ ಹೆಸರಿಲ್ಲದೆ ಶುರು ಮಾಡುತ್ತಿದ್ದೇನೆ. ಅವನನ್ನು ಜಡ್ಜ್ ಅನ್ನೋಣ. ಓರ್ಫಾ ಬಾಣಲೆಯನ್ನು ಒಲೆಯ ಮೇಲಿಟ್ಟಳು. ಆದರೆ ಹಿಡಿಯಿಂದ ಕೈ ತೆಗೆದಿಲ್ಲ.

೨

ಜಡ್ಜ್ ಅಂದ ಕೂಡಲೇ ಕರಿ ಕೋಟು, ಎತ್ತರದ ಕುರ್ಚಿ ಅಂದುಕೊಳ್ಳಬೇಡಿ. ಮಿಸೌರಿಯ ಈ ಗುಡ್ಡಗಳಲ್ಲಿ ಆಗ ಕೌಂಟಿಯ ಆಡಳಿತ ನೋಡಲು ಜನ ಆರಿಸಿದ ಮೂವರು ರೈತರನ್ನೇ ಜಡ್ಜ್ ಅನ್ನುತ್ತಿದ್ದರು. ನಮ್ಮ ಹಳೇ ತಾಲ್ಲೂಕು ಬೋರ್ಡಿನ ಮೆಂಬರುಗಳ ಹಾಗೆ. ಇವನು ಹೇಸರಗತ್ತೆ ಸಾಕುತ್ತಿದ್ದ, ಜೋಳದ ದಂಟು ಅರೆದು ಜೋನಿಬೆಲ್ಲ ಕಾಯಿಸುತ್ತಿದ್ದ. ವರ್ಷ ೧೮೮೦. ಕೌಂಟಿಯ ಹೆಸರು ಟಿಲ್ಫರ್ಡ್. (ಭೂಪಟದಲ್ಲಿ ಹುಡುಕಬೇಡಿ, ನಾನು ಕಟ್ಟಿದ ಹೆಸರು. ಹತ್ತೊಂಬತ್ತು ವರ್ಷದಿಂದ ಇಲ್ಲೇ ಬದುಕುತ್ತಿದ್ದೇನೆ, ನಾಳೆ ಅಂಗಡಿಗೆ ಹೋದರೆ ಇವರ ಮರಿಮಕ್ಕಳ ಮುಖ ನೋಡಬೇಕು.)

ಇವರಿಗಿಂತ ಮುಂಚೆ ಕೂತಿದ್ದವರು, ರೈಲು ಬರುತ್ತದೆ ಅಂತ ನಂಬಿ, ಕೌಂಟಿಯ ಹೆಸರಿನಲ್ಲಿ ಸಾಲದ ಬಾಂಡು ಮಾಡಿ ಮಾರಿದರು. ಬಾಂಡು ನ್ಯೂಯಾರ್ಕಿಗೆ ಹೋಯಿತು. ರೈಲು ಬರಲಿಲ್ಲ. ಬಂದದ್ದು ಒಂದು ಮಣ್ಣಿನ ಏರಿ. ಅದರ ಮೇಲೆ ಒಂದು ಹಳಿಯೂ ಬೀಳಲಿಲ್ಲ. ಈಗಲೂ ಇದೆ, ಮೇಲೆ ವಾಲ್ನಟ್ ಮರಗಳು ಬೆಳೆದು ನಿಂತಿವೆ.

ಬಾಂಡು ಕೊಂಡವರು ದೊಡ್ಡ ಊರಿನ ಫೆಡರಲ್ ಕೋರ್ಟಿಗೆ ಹೋದರು. ಆ ಕೋರ್ಟು ಮೂವರು ಜಡ್ಜುಗಳಿಗೂ ಆರ್ಡರ್ ಮಾಡಿತು: ಜನರ ಮೇಲೆ ತೆರಿಗೆ ಹಾಕಿ ಬಾಂಡು ತೀರಿಸಿ, ಇಲ್ಲದಿದ್ದರೆ ಜೈಲು. ಊರಿನವರು ಇಲ್ಲಿಯ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು: ತೆರಿಗೆ ಹಾಕಕೂಡದು, ಹಾಕಿದರೆ ಜೈಲು. ಹಾಕಿದರೂ ಒಳಗೆ, ಹಾಕದಿದ್ದರೂ ಒಳಗೆ.

ತಪ್ಪಿಸಿಕೊಳ್ಳಲು ಒಂದೇ ಸಂದು ಇತ್ತು. ಕೋರ್ಟಿನ ಕಾಗದ ತಾನಾಗಿ ಯಾರಿಗೂ ಅಂಟುವುದಿಲ್ಲ. ಆಸಾಮಿಯನ್ನು ಹೆಸರು ಹಿಡಿದು ಕರೆದು ಕೈಗೆ ಕೊಡಬೇಕು. ಇಲ್ಲವೇ ಅವನ ವಾಸಸ್ಥಳದಲ್ಲಿ, ಮನೆಯವರ ಎದುರಿಗೆ, ಇಟ್ಟು ಬರಬೇಕು. ಅಲ್ಲಿಯವರೆಗೆ ಅದು ಬರೀ ಕಾಗದ.

ಊರು ತಂದ ತಡೆಯಾಜ್ಞೆಯನ್ನು ನಮ್ಮ ಜಡ್ಜ್ ನಗುನಗುತ್ತಾ ಕೈಯಾರೆ ತೆಗೆದುಕೊಂಡು ಅಂಗಿಯೊಳಗೆ ಇಟ್ಟುಕೊಂಡ. ಫೆಡರಲ್ ಕೋರ್ಟಿನ ಕಾಗದ ಬರುತ್ತಿದೆ ಎಂಬ ಸುದ್ದಿ ಕೇಳಿ ಅದೇ ಮಧ್ಯಾಹ್ನ ಹಳ್ಳದಾಚೆಯ ಗುಹೆಗೆ ಹೋದ. ಉಳಿದಿಬ್ಬರು ಸಿಕ್ಕಿಬಿದ್ದರು, ಒಬ್ಬ ಕ್ಷೌರದ ಕುರ್ಚಿಯಲ್ಲಿ, ಇನ್ನೊಬ್ಬ ತಾಯಿಯನ್ನು ಮಣ್ಣು ಮಾಡುವ ಹೊತ್ತಿನಲ್ಲಿ. ಇಬ್ಬರೂ ತೆರಿಗೆ ಹಾಕುವುದಿಲ್ಲ ಅಂದರು. ಇಬ್ಬರೂ ಜೈಲಿನಲ್ಲಿದ್ದಾರೆ.

ಓರ್ಫಾ ಕೋರ್ಟಿನಲ್ಲಿ ಬೈಬಲ್ ಮುಟ್ಟಿ ಹೇಳಿದಳು: ನನ್ನ ಗಂಡ ನಮ್ಮ ಮನೆಯಲ್ಲಿ ವಾಸವಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಆ ಮಾತು ನಿಜವಾಗಿಯೇ ಇರಲಿ ಅಂತ ನಾಲ್ಕು ವರ್ಷ ಅವನನ್ನು ಒಂದು ರಾತ್ರಿಯೂ ಮನೆಯಲ್ಲಿ ಮಲಗಿಸಲಿಲ್ಲ.

(ತಡೆಯಾಜ್ಞೆಯ ಕೊನೆಯ ಸಾಲು ಹೀಗಿತ್ತು: 'ಈ ವ್ಯಕ್ತಿ, ಇವನ ನಂತರ ಬರುವವರು, ಇವನ ಪರವಾಗಿ ನಡೆದುಕೊಳ್ಳುವ ಯಾರೇ ಆಗಲಿ, ಮುಂದಿನ ಆದೇಶದವರೆಗೆ.' ಅದನ್ನು ಬರೆದ ನ್ಯಾಯಾಧೀಶ ಮುಂದಿನ ವಸಂತದಲ್ಲಿ ಕುದುರೆಯಿಂದ ಬಿದ್ದು ಸತ್ತ. ಮುಂದಿನ ಆದೇಶ ಬರಲೇ ಇಲ್ಲ, ಇವತ್ತಿನವರೆಗೂ. ಇವನ ಪರವಾಗಿ ನಡೆದುಕೊಳ್ಳುವ ಯಾರೇ ಆಗಲಿ ಅಂದರೆ ಬರೆಯುವವನೂ ಸೇರಿದನೇ? ಓದುವವರೂ? ವಕೀಲರನ್ನು ಕೇಳಬೇಕು. ಕೇಳುವುದಿಲ್ಲ.)

೩

ಕಾಗದ ಹಿಡಿದು ಬಂದವನು ಡೋರ್ಸಿ ವೇಲ್, ಫೆಡರಲ್ ಕೋರ್ಟಿನ ಅಮೀನ. ಕೆಟ್ಟವನಲ್ಲ. ಕೆಟ್ಟವನನ್ನಾಗಿ ಬರೆಯಲು ನೋಡಿದೆ, ಮೀಸೆ ಹುರಿಗೊಳಿಸಿದೆ, ಕಣ್ಣು ಕೆಂಪು ಮಾಡಿದೆ. ಒಗ್ಗಲಿಲ್ಲ. ಸೇಬು ತಿನ್ನುವ ಚಟದ, ಕಾಲು ನೋವಿನ ಮನುಷ್ಯ. ತಿಂಗಳಿಗೊಮ್ಮೆ ಬಂದು ಇಲ್ಲಿಯ ಕೋರ್ಟಿನ ಬಾಗಿಲಲ್ಲಿ ನಿಂತು ಜಡ್ಜನ ಹೆಸರನ್ನು ಮೂರು ಸಲ ಕೂಗುತ್ತಿದ್ದ.

ಅವನು ಬಾಯಿ ತೆರೆದನೋ ಇಲ್ಲವೋ, ಎದುರಿನ ಕಮ್ಮಾರ ಸುತ್ತಿಗೆ ಎತ್ತಿ ಕಬ್ಬಿಣದ ಅಡಿಗಲ್ಲಿಗೆ ಬಡಿಯುತ್ತಿದ್ದ. ಢಣ್. ಎರಡನೇ ಕೂಗು, ಢಣ್. ಮೂರನೇ ಕೂಗಿಗೆ ಬೀದಿಯ ಹೆಂಗಸರೆಲ್ಲ ಬಾಣಲೆ ಸೌಟು ಹಿಡಿದು ಹೊರಗೆ ಬಂದಿರುತ್ತಿದ್ದರು. ಆ ಹೆಸರು ಯಾರ ಕಿವಿಗೂ ಬೀಳಕೂಡದು. ಬಿದ್ದರೆ ಯಾರಾದರೂ ಅಭ್ಯಾಸಬಲದಿಂದ ಅವನಿರುವ ಕಡೆ ತಿರುಗಿ ನೋಡಿಯಾರು.

"ಏನ್ರಪ್ಪಾ, ನಾನು ಬಂದಾಗಲೇ ಕುದುರೆಗೆ ಲಾಳ ಹೊಡೀಬೇಕಾ ನೀವು?" ಅಂತ ಒಂದು ದಿನ ವೇಲ್ ಕೇಳಿದ.

"ನಮ್ಮೂರ ಕುದುರೆಗಳು ಜಾಸ್ತಿ ನಡೀತವೆ ಸ್ವಾಮಿ," ಅಂದ ಕಮ್ಮಾರ. "ರೈಲಿಲ್ಲವಲ್ಲ."

ಬೀದಿಯೆಲ್ಲ ನಕ್ಕಿತು. ವೇಲ್ ಕೂಡ ನಕ್ಕ. ಆ ಸಂಜೆಯೇ ಜನ ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡರು: ಮನೆಯೊಳಗೂ ಆ ಹೆಸರು ಬೇಡ, ಪ್ರಾರ್ಥನೆಯಲ್ಲೂ ಬೇಡ. ದೇವರಿಗೆ ಯಾರ ವಿಷಯ ಅಂತ ಗೊತ್ತಾಗುತ್ತದೆ.

೪

ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಒಂದು ಭಾನುವಾರ ಮಧ್ಯಾಹ್ನ ಓರ್ಫಾಗೇ ದಿಗಿಲಾಯಿತು.

ಊರೆಲ್ಲ ಚರ್ಚಿನಲ್ಲಿರುವಾಗ ಜಡ್ಜ್ ಹಿಂಬಾಗಿಲಿನಿಂದ ಬಂದು ಊಟಕ್ಕೆ ಕೂತಿದ್ದ. ಮೆಕ್ಕೆಜೋಳದ ರೊಟ್ಟಿ, ಉಪ್ಪು ಹಂದಿಮಾಂಸ, ಜೋನಿಬೆಲ್ಲ. ನೆರೆಮನೆಯ ಕೆಜಾಯಾ ಅಕ್ಕ, ಚರ್ಚಿನಿಂದ ಬೇಗ ಎದ್ದು ಬಂದವಳು, ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.

"ಒಬ್ಬಳೇ ಕೂತಿದ್ದೀಯಲ್ಲೇ ಓರ್ಫಾ. ತಟ್ಟೆ ಯಾಕೆ ಎರಡಿಟ್ಟಿದೀಯಾ?"

ಓರ್ಫಾ ನಕ್ಕಳು. ಇಡೀ ಕೌಂಟಿ ಹೀಗೆ ನಾಟಕ ಆಡುತ್ತಿತ್ತು, ಕೆಜಾಯಾ ಅಕ್ಕ ಎಲ್ಲರಿಗಿಂತ ಚೆನ್ನಾಗಿ. ಜಡ್ಜ್ ಕೂಡ ನಕ್ಕ, "ಅಕ್ಕಾ, ಸಾಕು ಬಿಡು, ಇಲ್ಲಿ ಯಾರೂ ಇಲ್ಲ," ಅಂದ.

ಕೆಜಾಯಾ ಅಕ್ಕ ಅವನ ಕಡೆ ತಿರುಗಲಿಲ್ಲ. ತನ್ನ ಕಾಲು ನೋಯುತ್ತದೆ ಅನ್ನುತ್ತಾ, ಅವನು ಕೂತಿದ್ದ ಕುರ್ಚಿಯನ್ನೇ ಎಳೆದುಕೊಳ್ಳಲು ಕೈ ಹಾಕಿದಳು. ಕುರ್ಚಿ ಬರಲಿಲ್ಲ. ಮತ್ತೊಮ್ಮೆ ಎಳೆದಳು.

"ಇದೇನೇ ಇದು, ನೆಲಕ್ಕೆ ಮೊಳೆ ಹೊಡೆಸಿದ್ಯಾ?"

ಅವಳ ಮುಖದಲ್ಲಿ ನಾಟಕ ಇರಲಿಲ್ಲ. ಜಡ್ಜ್ ತಟ್ಟೆ ಬಿಟ್ಟು ಮೆಲ್ಲಗೆ ಎದ್ದು ನಿಂತ. ಕುರ್ಚಿ ಸಲೀಸಾಗಿ ಬಂತು. ಅಕ್ಕ ಕೂತು, ಅರ್ಧ ತಿಂದ ಅವನ ರೊಟ್ಟಿಯನ್ನು ತೆಗೆದುಕೊಂಡು ತಿಂದಳು.

ಅವತ್ತು ಅವನು ಹೋಗುವಾಗ ನಾಯಿ ಅವನ ಹಿಂದೆ ಹೋಗಲಿಲ್ಲ. ಎದ್ದು ನೋಡಲೂ ಇಲ್ಲ.

೪, ಮತ್ತೆ

(ಇಲ್ಲಿ ಓರ್ಫಾ ದಿಂಬಿಗೆ ಮುಖ ಒತ್ತಿಕೊಂಡು ಅಳುವ ಒಂದು ಪುಟ ಬರೆದಿದ್ದೆ. ಚೆನ್ನಾಗಿತ್ತು. ಅವಳು ಓದಿ, "ನಾನ್ಯಾವಾಗ ಅತ್ತೆ? ಆಕಳು ಯಾರು ಕರೀಬೇಕು, ನಿಮ್ಮಪ್ಪನಾ?" ಅಂದಳು. ತೆಗೆದೆ.)

೫

ಕಲ್ಲಿನ ಉಪಾಯ ಹೇಳಿದವನು ಹೈರಮ್ ಮಾವ. ಗೋರಿಕಲ್ಲು ಕೆತ್ತುವ ಮುದುಕ.

"ಸತ್ತೋನಿಗೆ ಯಾವ ಕೋರ್ಟೂ ಕಾಗದ ಕೊಡೋದಿಲ್ಲ ಕಣವ್ವಾ. ಒಂದು ಕಲ್ಲು ನೆಟ್ಟುಬಿಡೋಣ. ಆ ವೇಲ್ ನೋಡ್ತಾನೆ, ಟೋಪಿ ತೆಗೀತಾನೆ, ಮನೆಗೆ ಹೋಗ್ತಾನೆ. ನಿನ್ನ ಗಂಡ ವಾಪಸ್ ಬರ್ತಾನೆ."

"ಬದುಕಿರೋನನ್ನ ಸತ್ತ ಅಂತ ಬರೆಸೋದಾ? ಕಲ್ಲಿನ ಮೇಲೆ ಸುಳ್ಳು ಬರೆಸೋಳಲ್ಲ ನಾನು, ಮಾವ."

"ಸತ್ತ ಅಂತ ಬರೆಯೋದು ಬೇಡ. ತಾರೀಖೂ ಬೇಡ. 'ಇಲ್ಲಿ ಮಲಗಿದ್ದಾನೆ' ಅಂತ ಹಾಕೋಣ."

"ಅಲ್ಲೆಲ್ಲಿ ಮಲಗಿದಾನೆ? ಗುಹೇಲಿ ಮಲಗಿದಾನೆ."

ಬೆಳಿಗ್ಗೆಯಿಡೀ ಜಗಳವಾಡಿದರು. ಕಡೆಗೆ ಓರ್ಫಾಳ ಮನಸ್ಸಿಗೆ ಒಪ್ಪಿದ್ದು ಎರಡೇ ಪದ: ಇಲ್ಲಿ ವಾಸ. ಈ ಕೌಂಟಿಯ ಮಣ್ಣಿನಲ್ಲೇ ಇದ್ದಾನಲ್ಲ, ಅಷ್ಟು ಸುಳ್ಳಲ್ಲ. ನೋಡುವವರು ಬೇಕಾದ ಹಾಗೆ ಅಂದುಕೊಳ್ಳಲಿ.

"ಸರಿ. ಹೆಸರು ಹೇಳು," ಅಂತ ಹೈರಮ್ ಮಾವ ಉಳಿ ಎತ್ತಿಕೊಂಡ.

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಮಗು ಇದ್ದಾಗಿಂದ ಎತ್ತಿ ಆಡಿಸಿದೀನಿ. ಬಾಯಿಗೆ ಬರ್ತಿಲ್ಲ. ನೀನು ಹೇಳು."

ಓರ್ಫಾ ಬಾಯಿ ತೆರೆದಳು. ಮುಚ್ಚಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಜೋರಾಗಿ ನಕ್ಕರು. ನಗು ನಿಲ್ಲುವ ಹೊತ್ತಿಗೆ ಇಬ್ಬರಿಗೂ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಅವಳು ಮನೆಗೆ ಹೋಗಿ ಬೈಬಲ್ ತಂದಳು. ಅದರ ಮೊದಲ ಹಾಳೆಯಲ್ಲಿ ಮದುವೆಯ ದಿನ ಬರೆದ ಹೆಸರಿತ್ತು. ಬೆರಳಿಟ್ಟು ತೋರಿಸಿದಳು. ಹೈರಮ್ ಮಾವ ರಂಗೋಲಿ ನೋಡಿಕೊಂಡು ಎಳೆಯುವವರ ಹಾಗೆ ಒಂದೊಂದೇ ಗೆರೆ ನೋಡಿ ನೋಡಿ ಕೆತ್ತಿದ. ಏನು ಕೆತ್ತುತ್ತಿದ್ದೇನೆ ಅಂತ ಅವನು ಓದಲಿಲ್ಲ. ಓದಲು ಬರಲಿಲ್ಲವೋ ಏನೋ, ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

೬

ಮೂರನೇ ದಿನ ಓರ್ಫಾ ಕಲ್ಲಿಗೆ ಹೂ ಇಡಲು ಹೋದಾಗ ಡೋರ್ಸಿ ವೇಲ್ ಸ್ಮಶಾನದ ಬೇಲಿಯ ಮೇಲೆ ಕೂತು ಸೇಬು ತಿನ್ನುತ್ತಿದ್ದ. ಅವಳನ್ನು ನೋಡಿ ಇಳಿದ, ಟೋಪಿ ತೆಗೆದ.

"ಸುದ್ದಿ ಕೇಳಿ ಬಂದೆ ತಾಯಿ. ಬೇಜಾರಾಯ್ತು. ನಾಲ್ಕು ವರ್ಷ ಹುಡುಕಿದೀನಿ, ನೆಂಟನ ಹಾಗೇ ಆಗೋಗಿದ್ದ."

ಅವನು ಕಲ್ಲಿನ ಹತ್ತಿರ ಬಗ್ಗಿದ. ಓದಿದ. ಮತ್ತೊಮ್ಮೆ ಓದಿದ. ಅಗಿಯುವುದನ್ನು ನಿಲ್ಲಿಸಿದ.

"ಇದನ್ನ ಯಾರು ಬರೆಸಿದ್ದು?"

"ನಾನೇ."

"ಇಲ್ಲಿ ವಾಸ. ಇದು ನಿಜವಾ ತಾಯಿ?"

"ನಾನು ಸುಳ್ಳು ಹೇಳೋಳಲ್ಲ."

ವೇಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಯ್ಯೋ ನಿಮ್ಮ ಸತ್ಯ ಚೆನ್ನಾಗಿರ್ಲಿ! ವಾಸಸ್ಥಳ ಅಂತ ನೀವೇ ಕಲ್ಲಿನಲ್ಲಿ ಬರೆದು ಕೊಟ್ಟಿದೀರಾ. ಮನೆಯವರು ಎದುರಿಗೇ ನಿಂತಿದೀರಾ. ಇನ್ನೇನು ಬೇಕು ನನಗೆ?"

ಅವನು ಕೋಟಿನಿಂದ ಕಾಗದ ತೆಗೆದ. ಓರ್ಫಾ ಸುತ್ತ ನೋಡಿದಳು. ಬಡಿಯಲು ಬಾಣಲೆ ಇಲ್ಲ, ಕಮ್ಮಾರನಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು, ನೋಯುವಷ್ಟು ಗಟ್ಟಿಯಾಗಿ. ಅವನ ಬಾಯಿ ಆಡುವುದು ಮಾತ್ರ ಕಂಡಿತು. ಒಂದು ಸಲ. ಎರಡು ಸಲ. ಮೂರು.

"ಇದೀನಿ."

ಅದು ಮಾತ್ರ ಕೇಳಿಸಿತು, ಮುಚ್ಚಿದ ಕಿವಿಯ ಒಳಗಿನಿಂದ ಯಾರೋ ಅಂದಷ್ಟು ಸ್ಪಷ್ಟವಾಗಿ. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಹೇಳುತ್ತೇವಲ್ಲ, ಅಂಥ ದನಿ, ಸ್ವಲ್ಪ ಖುಷಿಯೂ ಇತ್ತು ಅದರಲ್ಲಿ.

(ಎಲ್ಲಿಂದ ಬಂತು ಅಂತ ಕೇಳಬೇಡಿ. ಗುಹೆ ಅಲ್ಲಿಂದ ಮೂರು ಮೈಲಿ. ಕಲ್ಲಿನ ಕೆಳಗೆ ಬರೀ ಮಣ್ಣು, ಹೈರಮ್ ಮಾವ ಅಗೆದದ್ದು ಮೊಣಕಾಲಿನಷ್ಟು ಆಳ.)

ವೇಲ್‌ನ ಕೈಯಿಂದ ಸೇಬು ಬಿತ್ತು. ಅವನು ಕಾಗದವನ್ನು ಕಲ್ಲಿನ ಮೇಲಿಟ್ಟ, ಹಾರದಿರಲಿ ಅಂತ ಒಂದು ಹರಳುಕಲ್ಲು ಇಟ್ಟ, ಹಿಂದೆ ತಿರುಗದೆ ನಡೆದ. ಕುದುರೆ ಹತ್ತಲಿಲ್ಲ. ಲಗಾಮು ಹಿಡಿದುಕೊಂಡು ರಸ್ತೆ ತಿರುಗುವವರೆಗೂ ಅದರ ಪಕ್ಕದಲ್ಲೇ, ಅದಕ್ಕೆ ಅಂಟಿಕೊಂಡು ನಡೆದ. ಆಮೇಲೆ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಅವನು ಬರೆದದ್ದು ಒಂದೇ ಸಾಲು: 'ಕಾಗದ ಕೊಟ್ಟಿದ್ದೇನೆ. ಆಸಾಮಿ ಉತ್ತರ ಕೊಟ್ಟ.'

ಓರ್ಫಾ ಕಲ್ಲಿನ ಕಡೆ ತಿರುಗಿದಳು, ಕಾಗದ ಎತ್ತಿ ಹರಿದುಹಾಕಬೇಕು ಅಂತ. ಹರಳು ಇತ್ತು. ಕಾಗದ ಇರಲಿಲ್ಲ.

೭

ಅವಳು ಮನೆಗೆ ಬಂದು ಒಲೆ ಹೊತ್ತಿಸುವ ಹೊತ್ತಿಗೆ ಜಡ್ಜ್ ಬಂದ. ನಾಲ್ಕು ವರ್ಷದಲ್ಲಿ ಮೊದಲ ಸಲ ಮುಂಬಾಗಿಲಿನಿಂದ ಬಂದ. ಕೈಯಲ್ಲಿ ಕಾಗದ.

"ಯಾರು ಕೊಟ್ರು ಇದನ್ನ?"

"ಗೊತ್ತಿಲ್ಲ. ಹಳ್ಳದಲ್ಲಿ ಮುಖ ತೊಳೀತಿದ್ದೆ. ಯಾರೋ ಕರೆದ್ರು. ಇದೀನಿ ಅಂದೆ. ನೋಡಿದ್ರೆ ಒದ್ದೆ ಕೈಯಲ್ಲಿ ಇದಿತ್ತು."

"ಯಾಕೆ ಉತ್ತರ ಕೊಟ್ಟೆ? ಹಾಳಾದೋನೇ, ಯಾಕೆ ಬಾಯಿಬಿಟ್ಟೆ?"

"ನಾಲ್ಕು ವರ್ಷ ಆಯ್ತು ಓರ್ಫಾ. ಯಾರಾದ್ರೂ ಕರೆದ್ರೆ ಸುಮ್ನಿರೋಕಾಗುತ್ತಾ?"

ಅವಳು ಸೌಟು ಬೀಸಿ ನೆಲಕ್ಕೆ ಎಸೆದಳು. "ಸರಿ. ಸೋಮವಾರ ಹೋಗಿ ಕೂತು ತೆರಿಗೆ ಹಾಕ್ತೀಯಾ?"

"ಹಾಕಲ್ಲ. ಹಾಕಿದ್ರೆ ಹೈರಮ್ ಮಾವನ ಮನೆ ಹರಾಜು, ಕೆಜಾಯಾ ಅಕ್ಕನ ಹೊಲ ಹರಾಜು, ಇದೂ ಹರಾಜು."

"ಹಾಗಾದ್ರೆ ಜೈಲು."

"ಜೈಲು." ಅವನ ಮುಖ ಮದುವೆಗೆ ಹೊರಟವನ ಹಾಗಿತ್ತು. "ಅಲ್ಲಿ ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಎಲ್ಲರ ಹೆಸರೂ ಕೂಗ್ತಾರಂತೆ. ಒಂದು ದಿನವೂ ತಪ್ಪಿಸಲ್ವಂತೆ."

ಓರ್ಫಾಗೆ ಆಗ ಅರ್ಥವಾಯಿತು, ಅವನನ್ನು ಕಿತ್ತುಕೊಳ್ಳುತ್ತಿರುವುದು ಕೋರ್ಟಲ್ಲ.

"ಇಲ್ಲೇ ಇರು," ಅಂದಳು. ದನಿ ಇಳಿದಿತ್ತು. "ಮತ್ತೆ ಗುಹೆಗೆ ಹೋಗು, ಅಥವಾ ಇಲ್ಲೇ ಮಲಗು, ನನ್ನ ಪ್ರಮಾಣ ಸುಳ್ಳಾದ್ರೂ ಆಗ್ಲಿ. ನಾನು ಕರೀತೀನಿ ನಿನ್ನ. ದಿನಕ್ಕೆ ಹತ್ತು ಸಲ ಕರೀತೀನಿ."

"ಕರಿ ನೋಡೋಣ."

ಅವನು ಬಾಗಿಲ ಹತ್ತಿರ ಮಕ್ಕಳು ನಿಲ್ಲುವ ಹಾಗೆ ಕಾದು ನಿಂತ. ಓರ್ಫಾ ಉಸಿರೆಳೆದುಕೊಂಡಳು. ನಾಲ್ಕು ವರ್ಷ ಆ ಹೆಸರಿನ ಜಾಗದಲ್ಲಿ ಅವಳ ಕಿವಿಗೆ ಬಿದ್ದದ್ದು ಕಮ್ಮಾರನ ಸುತ್ತಿಗೆ. ನೆನಪಿನೊಳಗೆ ಎಷ್ಟು ಕೈ ಹಾಕಿ ತಡಕಾಡಿದರೂ ಅದೇ ಸಿಗುತ್ತಿತ್ತು. ಢಣ್. ಬೈಬಲ್ ಬಿಚ್ಚಿದಳು. ಅಕ್ಷರಗಳು ಕಂಡವು, ನಾಲಗೆ ಏಳಲಿಲ್ಲ. ಮದುವೆಯ ದಿನ ಪಾದ್ರಿಯ ಮುಂದೆ ನಾಚಿಕೊಂಡು ಹೇಳಿದ ಹೆಸರು, ಕಾಯಿಲೆಯಲ್ಲಿ ಕನವರಿಸಿದ ಹೆಸರು.

ಅವನು ತುಂಬಾ ಹೊತ್ತು ಕಾದ. ಆಮೇಲೆ ಅಂಗಿಯೊಳಗಿಂದ ಆ ಹಳೆಯ ತಡೆಯಾಜ್ಞೆಯನ್ನು ತೆಗೆದು ಮೇಜಿನ ಮೇಲಿಟ್ಟ.

"ಇದನ್ನ ನೀನಿಟ್ಕೋ. ಇದರಲ್ಲಿದೆ ನನ್ನ ಹೆಸರು."

ಹೊರಗೆ ಹೋದ. ಅವಳು ಕಾಗದ ಬಿಚ್ಚಿದಳು. ನಾಲ್ಕು ವರ್ಷದ ಬೆವರಿಗೆ ಮಡಿಕೆ ಸವೆದು, ಹೆಸರಿರಬೇಕಾದ ಕಡೆ ಒಂದು ತೂತು. ಉಳಿದದ್ದೆಲ್ಲ ಓದಲು ಬರುತ್ತಿತ್ತು. 'ಇವನ ಪರವಾಗಿ ನಡೆದುಕೊಳ್ಳುವ ಯಾರೇ ಆಗಲಿ, ಮುಂದಿನ ಆದೇಶದವರೆಗೆ.'

೮

"ಬರಿ!"

ನನಗೇ ಹೇಳಿದ್ದು. ಓರ್ಫಾ ಮತ್ತೆ ನನ್ನ ಕಡೆ ತಿರುಗಿದ್ದಾಳೆ.

"ಈಗ ಬರಿ ಅವನ ಹೆಸರು! ಇನ್ನೂ ಗೇಟ್ ದಾಟಿಲ್ಲ. ನೀನು ಬರೆದ್ರೆ ತಿರುಗಿ ನೋಡ್ತಾನೆ. ಬಾಗಿಲು ತಟ್ಟೋರು ತಟ್ಲಿ, ನಾನು ನೋಡ್ಕೋತೀನಿ. ಬರಿಯೋ!"

ಸ್ವಲ್ಪ ತಡಿ ಓರ್ಫಾ, ಬೇರೆ ಅಂತ್ಯಗಳಿವೆ.

ಒಂದು: ಜಡ್ಜ್ ಜೈಲಿಗೆ ಹೋಗುತ್ತಾನೆ, ಊರು ಅವನನ್ನು ಮೆರವಣಿಗೆಯಲ್ಲಿ ಕಳಿಸುತ್ತದೆ, ಬ್ಯಾಂಡು ಬಾರಿಸುತ್ತದೆ. (ಬ್ಯಾಂಡಿನ ಸದ್ದಿನಲ್ಲಿ ಯಾರೂ ಹೆಸರು ಹೇಳಬೇಕಾಗಿಲ್ಲ. ಅನುಕೂಲ.)

ಮೂರು: ಜೈಲಿನ ಹಾಜರಿ ಪುಸ್ತಕ. ಮೊದಲ ಸಾಲಿನಲ್ಲಿ ಒಬ್ಬ ಜಡ್ಜನ ಹೆಸರು, ಎರಡನೆಯದರಲ್ಲಿ ಇನ್ನೊಬ್ಬನದು. ಮೂರನೇ ಸಾಲು ಖಾಲಿ. ಆದರೆ ಅದರ ಮುಂದೆ ದಿನಕ್ಕೆರಡು ಸಲ 'ಹಾಜರ್' ಎಂಬ ಗುರುತು, ಪುಸ್ತಕ ಮುಗಿಯುವವರೆಗೂ.

"ನಿನ್ನ ಅಂತ್ಯ ಒಯ್ದು ಹಳ್ಳಕ್ಕೆ ಹಾಕು. ಎರಡನೇದು ಎಲ್ಲಿ?"

ಎರಡನೆಯದರಲ್ಲಿ ನೀನು ಕರೆಯುತ್ತೀಯ.

"ಮತ್ತೆ ಅದನ್ನ ಯಾಕೆ ಬರೀಲಿಲ್ಲ?"

ಯಾಕೆಂದರೆ ಅದಕ್ಕೆ ಹೆಸರು ಬೇಕು. ನಾನು ಅದನ್ನು ಡಿಲೀಟ್ ಮಾಡಿದ್ದೇನೆ. ನೀನೇ ಅಳಿಸು ಅಂದೆ, ಬಾಣಲೆ ಎತ್ತಿಕೊಂಡು ನಿಂತಿದ್ದೆ.

"ತಲೇಲಿ ಇರ್ಬೇಕಲ್ಲೋ!"

ಇರಬೇಕು. ಮೊದಲನೇ ಸಾಲಿನಲ್ಲಿ ಬರೆದವನು ನಾನೇ. ಉದ್ದವಿತ್ತೋ ಗಿಡ್ಡವಿತ್ತೋ? ಸ್ಕ್ರೀನಿನ ಮುಂದೆ ಕೂತು ಬೆರಳುಗಳನ್ನು ಕೀಬೋರ್ಡಿನ ಮೇಲಿಟ್ಟೆ, ಅವುಗಳಿಗಾದರೂ ನೆನಪಿರಬಹುದು ಅಂತ. ಕಿವಿಯಲ್ಲಿ ಕೇಳಿಸಿದ್ದು ಒಂದೇ. ಢಣ್.

ಕಾರು ಹತ್ತಿ ಆ ಸ್ಮಶಾನಕ್ಕೆ ಹೋಗಿಬಂದೆ. ಆ ಹೆಸರು ನನಗೆ ಮೊದಲು ಸಿಕ್ಕಿದ್ದು ಅಲ್ಲಿಯೇ, ಬೇಸಿಗೆಯಲ್ಲಿ. ಈಗ ಕಲ್ಲಿನ ಮೇಲ್ಭಾಗಕ್ಕೆ ಬೂದು ಪಾಚಿ ಹಿಡಿದಿದೆ. ಕೀಲಿಕೈಯಿಂದ ಕೆರೆದೆ. ಕೆಳಗೆ ಕೆತ್ತಿದ ಗುರುತೇ ಇರಲಿಲ್ಲ, ನುಣುಪು. ಓದಲು ಬಂದದ್ದು ಕೊನೆಯ ಎರಡು ಪದ ಮಾತ್ರ. ಕಲ್ಲಿನ ಮೇಲೆ ಒಂದು ಹರಳಿತ್ತು. ಅದನ್ನು ಮುಟ್ಟಲಿಲ್ಲ.

ವಾಪಸ್ ಬಂದು ನಿಜ ಹೇಳಿದೆ. ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಆಗುವುದಿಲ್ಲ.

ಓರ್ಫಾ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನನ್ನನ್ನೇ ಒಂದು ಗಳಿಗೆ ನೋಡಿದಳು, ಕೆಜಾಯಾ ಅಕ್ಕ ಆ ಕುರ್ಚಿಯ ಕಡೆ ನೋಡಿದ ಹಾಗೆ.

"ನಾನು ಯಾರ ಹತ್ತಿರ ಮಾತಾಡ್ತಿದೀನಿ?" ಅಂತ ತನಗೆ ತಾನೇ ಅಂದುಕೊಂಡಳು.

ಇಲ್ಲಿದ್ದೇನೆ ಓರ್ಫಾ. ಬರೆಯುವವನು.

ಅವಳಿಗೆ ಕೇ‍ಳಿಸಲಿಲ್ಲ. ಏಪ್ರನ್ ಬಿಚ್ಚಿ ಕುರ್ಚಿಗೆ ಹಾಕಿದಳು. ತಡೆಯಾಜ್ಞೆಯನ್ನು ಮಡಿಸಿ ತನ್ನ ಉಡುಪಿನೊಳಗೆ ಎದೆಯ ಹತ್ತಿರ ಇಟ್ಟುಕೊಂಡಳು. ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು ಮುಂಬಾಗಿಲಿನಿಂದ ಹೊರಗೆ ನಡೆದಳು. ಹಳಿಯಿಲ್ಲದ ಆ ಏರಿಯ ಮೇಲೆ, ಮಟಮಟ ಮಧ್ಯಾಹ್ನದಲ್ಲಿ, ದೂರದಲ್ಲಿ ಒಬ್ಬ ಮನುಷ್ಯ ಹೋಗುತ್ತಿದ್ದ. ಅವನ ಹಿಂದೆ ಅವಳು. ಕೂಗಲಿಲ್ಲ. ಓಡಲೂ ಇಲ್ಲ. ವಾಲ್ನಟ್ ಮರಗಳ ಹತ್ತಿರ ಹೋಗುವವರೆಗೂ ಕಂಡಳು.

(ಆಗ ಆ ಏರಿಯ ಮೇಲೆ ವಾಲ್ನಟ್ ಮರಗಳೇ ಇರಲಿಲ್ಲ. ಗೊತ್ತು. ನಾನು ನೋಡಿದ್ದನ್ನು ಬರೆದಿದ್ದೇನೆ.)

ನಾಲ್ಕು ದಿನ ಕಾದೆ. ಅವಳು ವಾಪಸ್ ಬಂದಿಲ್ಲ. ಬಾಣಲೆಯಲ್ಲಿ ರೊಟ್ಟಿ ಸೀಯುತ್ತಿದೆ, ವಾಸನೆ ನನ್ನ ಮನೆಯವರೆಗೂ ಬರುತ್ತಿದೆ. ಇಳಿಸಿ ಅಂತ ಹೇಳೋಣವೆಂದರೆ, ಆ ಅಡುಗೆಮನೆಯಲ್ಲಿ ಹೆಸರು ಹಿಡಿದು ಕರೆಯಲು ಯಾರೂ ಉಳಿದಿಲ್ಲ.